ಬೆರಳ ತುದಿಯಲ್ಲಿ ಕಲಿಯುವ ವಿದ್ಯೆ

ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದ ಎಂ.ಎಸ್. ಮೂರು ವರ್ಷದ ತರಬೇತಿ. ಎಂಬಿಬಿಎಸ್ ಮತ್ತು ಇಂಟರ್ನ್‌ಶಿಪ್ ಮುಗಿಸಿ, ನೀಟ್-ಪಿಜಿ ಬರೆದು, ಕೌನ್ಸೆಲಿಂಗ್‌ನಲ್ಲಿ ಸೀಟು ಸಿಕ್ಕವರು ಇಲ್ಲಿಗೆ ಬರುತ್ತಾರೆ. ದಾಖಲೆಯಲ್ಲಿ ಅವರು ವಿದ್ಯಾರ್ಥಿಗಳು, ವಾರ್ಡಿನಲ್ಲಿ ವೈದ್ಯರು. ಆಸ್ಪತ್ರೆಯವರು ಅವರನ್ನು ‘ಪಿಜಿ’ ಎನ್ನುತ್ತಾರೆ, ಬಸುರಿಯ ಜೊತೆ ಬಂದವರು ‘ಡಾಕ್ಟರಮ್ಮ’ ಎನ್ನುತ್ತಾರೆ. ಇವರಿಗಿರುವ ರೆಸಿಡೆಂಟ್ ಎಂಬ ಇನ್ನೊಂದು ಹೆಸರು ಬಂದದ್ದು ಆಸ್ಪತ್ರೆಯಲ್ಲೇ ವಾಸವಿದ್ದು ಕಲಿಯುವ ಪದ್ಧತಿಯಿಂದ. 1889ರಲ್ಲಿ ತೆರೆದ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್, ವಿಲಿಯಂ ಹಾಲ್‌ಸ್ಟೆಡ್ ಇದಕ್ಕೊಂದು ರೂಪ ಕೊಟ್ಟರು. ಹೆರಿಗೆಗೆ ಹೊತ್ತುಗೊತ್ತು ಇಲ್ಲವಾದ್ದರಿಂದ ಆ ಹೆಸರು ಬೇರೆಲ್ಲ ವಿಭಾಗಗಳಿಗಿಂತ ಇದಕ್ಕೇ ಹೆಚ್ಚು ಒಪ್ಪುತ್ತದೆ.

ಕರ್ನಾಟಕದಲ್ಲಿ ಈ ಕಲಿಕೆಯ ಹಳೆಯ ನೆಲೆಗಳೆಂದರೆ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳು. 1935ರಲ್ಲಿ ಆರಂಭವಾದ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ, ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆ, ಕಿಮ್ಸ್ ಎಂದೇ ಜನ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಇವುಗಳಲ್ಲಿ ಮುಖ್ಯವಾದವು. ಸುತ್ತಲಿನ ತಾಲ್ಲೂಕುಗಳಲ್ಲಿ ಕೈ ಮೀರಿದ ಹೆರಿಗೆಗಳು ಇಲ್ಲಿಗೇ ಬರುತ್ತವೆ. ತಾಯಿ ಕಾರ್ಡ್ ಹಿಡಿದು 108 ಆಂಬುಲೆನ್ಸ್‌ನಿಂದ ಇಳಿಯುವ ಆ ಬಸುರಿಯರೇ ಪಿಜಿಗಳ ನಿಜವಾದ ಪಠ್ಯ. ಬಡ ಹೆಂಗಸರ ನೋವಿನ ಮೇಲೆ ನಿಂತ ವಿದ್ಯೆ ಇದು ಎಂಬುದನ್ನು ಕಲಿಸುವವರೂ ಕಲಿಯುವವರೂ ಮರೆಯುವಂತಿಲ್ಲ.

ವಿಭಾಗ ಯೂನಿಟ್‌ಗಳಾಗಿ ಹಂಚಿಹೋಗಿರುತ್ತದೆ. ಪ್ರತಿ ಯೂನಿಟ್‌ಗೂ ವಾರದಲ್ಲಿ ಒಪಿಡಿ (ಹೊರರೋಗಿ) ದಿನ, ಓಟಿ (ಶಸ್ತ್ರಚಿಕಿತ್ಸೆ) ದಿನ, ಅಡ್ಮಿಷನ್ ದಿನ ಎಂದಿರುತ್ತವೆ. ಮೊದಲ ವರ್ಷದವರ ಪಾಲಿಗೆ ಬರುವುದು ಕೇಸ್ ಶೀಟ್ ಬರೆಯುವುದು, ರಕ್ತ ತೆಗೆದು ಕಳಿಸುವುದು, ಮಗುವಿನ ಎದೆಬಡಿತ ಕೇಳಿ ಗುರುತು ಹಾಕುವುದು, ಬ್ಲಡ್ ಬ್ಯಾಂಕಿಗೆ ಓಡುವುದು. ಎರಡನೇ ವರ್ಷಕ್ಕೆ ಸಿಸೇರಿಯನ್ ಕೈಗೆ ಬರುತ್ತದೆ. ಮೂರನೇ ವರ್ಷದವರು ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಕೈಜೋಡಿಸುತ್ತಲೇ ಕಿರಿಯರಿಗೆ ಹೇಳಿಕೊಡಬೇಕು. ಪ್ರಾಧ್ಯಾಪಕರಿಗಿಂತ ಒಂದು ವರ್ಷ ಹಿರಿಯ ಪಿಜಿಯಿಂದ ಕಲಿತದ್ದೇ ಹೆಚ್ಚು ಎಂಬುದು ಈ ವಿಭಾಗದಲ್ಲಿ ಸಾಮಾನ್ಯ ಅನುಭವ.

ಮೊದಲು ಪಳಗಬೇಕಾದದ್ದು ಬೆರಳು. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಗ್ಲೌಸ್ ಹಾಕಿದ ಎರಡು ಬೆರಳಿನ ತುದಿಯಿಂದಲೇ ಅಳೆಯಬೇಕು. ಬೆರಳುಗಳನ್ನು ಎಷ್ಟು ಅಗಲಿಸಿದರೆ ಅಂಚು ಮುಟ್ಟುತ್ತದೆ ಎಂಬ ಲೆಕ್ಕದಲ್ಲಿ ಮೂರು, ಐದು, ಏಳು ಸೆಂಟಿಮೀಟರ್ ಎಂದು ಹೇಳುತ್ತ ಹೋಗಿ, ಹತ್ತಕ್ಕೆ ಅಂಚೇ ಸಿಗದಂತಾದಾಗ ಬಾಯಿ ಪೂರ್ತಿ ತೆರೆದಂತೆ. ಹೊಸಬರು ನಾಲ್ಕು ಎಂದದ್ದನ್ನು ಹಿರಿಯರು ಮತ್ತೆ ನೋಡಿ ಆರು ಎನ್ನುವುದುಂಟು. ಅದೇ ಬೆರಳು ಮಗುವಿನ ತಲೆಯ ಸುಳಿ ಯಾವ ಕಡೆ ಇದೆ, ತಲೆ ಎಷ್ಟು ಇಳಿದಿದೆ ಎಂಬುದನ್ನೂ ತಿಳಿಯಬೇಕು. ಕಲಿಕೆಯ ನೆಪದಲ್ಲಿ ಒಬ್ಬರ ಮೇಲೊಬ್ಬರು ಪರೀಕ್ಷಿಸುತ್ತ ಹೋದರೆ ಸೋಂಕಿನ ಭಯ, ಆ ತಾಯಿಗೆ ಹಿಂಸೆ. ಅದಕ್ಕೇ ತೊಂದರೆಯಿಲ್ಲದ ಹೆರಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ ನೋಡಿದರೆ ಸಾಕು, ಕೇಳದೆ ಮುಟ್ಟಬಾರದು ಎಂಬ ಶಿಸ್ತನ್ನು ಬೆರಳಿನ ಜೊತೆಗೇ ಕಲಿಸಬೇಕು.

ಅಳೆದದ್ದು ಪಾರ್ಟೋಗ್ರಾಫ್ ಎಂಬ ಹಾಳೆಗೆ ಇಳಿಯುತ್ತದೆ. ಅಮೆರಿಕದ ಇಮ್ಯಾನುಯೆಲ್ ಫ್ರೀಡ್‌ಮನ್ 1950ರ ದಶಕದಲ್ಲಿ ಹೆರಿಗೆಯ ಗತಿಯನ್ನು ರೇಖೆಯಾಗಿ ಬರೆದರು. 1972ರಲ್ಲಿ ಆಫ್ರಿಕಾದ ಅಂದಿನ ರೊಡೇಷಿಯಾದಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಅದಕ್ಕೆ ಎಚ್ಚರಿಕೆಯ ಗೆರೆ, ಕ್ರಮ ಕೈಗೊಳ್ಳುವ ಗೆರೆಗಳನ್ನು ಸೇರಿಸಿದರು. ಯಾವಾಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬುದು ಸೂಲಗಿತ್ತಿಯರಿಗೂ ತಿಳಿಯಲಿ ಎಂಬುದು ಅವರ ಉದ್ದೇಶವಾಗಿತ್ತು. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ ಈಗ ಸಡಿಲಿಸಿದೆ. 2020ರಲ್ಲಿ ಅದು ಹೊರತಂದ ಹೊಸ ಹಾಳೆಯಲ್ಲಿ ಹೆರಿಗೆಯ ಸಕ್ರಿಯ ಹಂತದ ಲೆಕ್ಕ ಶುರುವಾಗುವುದು ಐದು ಸೆಂಟಿಮೀಟರ್‌ನಿಂದ. ಕಾಯುವುದು ಸುಮ್ಮನೆ ಕೂರುವುದಲ್ಲ. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳುತ್ತ, ನೋವು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸುತ್ತ ಕಾಯಬೇಕು. ಈ ಮೂರು ವರ್ಷಗಳ ತಿರುಳೇ ಅದು: ಎಲ್ಲಿಯವರೆಗೆ ಕಾಯಬಹುದು, ಯಾವ ಗಳಿಗೆಯಿಂದ ಕಾಯಬಾರದು ಎಂಬ ವಿವೇಚನೆ. ಚಾಕು ಹಿಡಿಯುವುದನ್ನು ಅದಕ್ಕಿಂತ ಬೇಗ ಕಲಿಯಬಹುದು.

ಕಾಯಬಾರದ ಗಳಿಗೆಗಳಲ್ಲಿ ಒಂದು ಗರ್ಭನಂಜು ಏರಿ ಫಿಟ್ಸ್ ಬರುವುದು. ಆಗ ಕೊಡುವ ಮದ್ದು ಮೆಗ್ನೀಸಿಯಂ ಸಲ್ಫೇಟ್. ಪ್ರಿಚರ್ಡ್ ಕ್ರಮದಲ್ಲಿ ನಾಲ್ಕು ಗ್ರಾಂ ರಕ್ತನಾಳಕ್ಕೆ, ಐದೈದು ಗ್ರಾಂ ಎರಡೂ ಪೃಷ್ಠಗಳಿಗೆ, ಆಮೇಲೆ ನಾಲ್ಕು ಗಂಟೆಗೊಮ್ಮೆ ಐದು ಗ್ರಾಂ. ಜೀವ ಉಳಿಸುವ ಈ ಮದ್ದೇ ಹೆಚ್ಚಾದರೆ ಉಸಿರು ನಿಲ್ಲಿಸುತ್ತದೆ. ಹಾಗಾಗಿ ಪ್ರತಿ ಡೋಸ್‌ಗೆ ಮೊದಲು ಪಿಜಿ ಸಣ್ಣ ಸುತ್ತಿಗೆಯಿಂದ ಮಂಡಿಚಿಪ್ಪಿನ ಕೆಳಗೆ ತಟ್ಟಿ ಕಾಲು ಜಿಗಿಯುತ್ತದೆಯೇ ನೋಡುತ್ತಾರೆ, ಉಸಿರು ಎಣಿಸುತ್ತಾರೆ, ಚೀಲದಲ್ಲಿ ಎಷ್ಟು ಮೂತ್ರ ಸೇರಿದೆ ಎಂದು ಅಳೆಯುತ್ತಾರೆ. ಕಾಲು ಜಿಗಿಯದಿದ್ದರೆ ಆ ಡೋಸ್ ಇಲ್ಲ. ವಿಷ ಇಳಿಸುವ ಕ್ಯಾಲ್ಸಿಯಂ ಗ್ಲುಕೋನೇಟ್ ಮಂಚದ ಪಕ್ಕದಲ್ಲೇ ಇರಬೇಕು.

ಇನ್ನೊಂದು, ಹೆರಿಗೆಯಾದ ಮೇಲೆ ನಿಲ್ಲದ ರಕ್ತಸ್ರಾವ. ಇಲ್ಲಿ ಕಣ್ಣಂದಾಜು ಮೋಸ ಮಾಡುತ್ತದೆ. ಬಟ್ಟೆ, ಹತ್ತಿ, ನೆಲದ ಪಾಲಾದ ರಕ್ತವನ್ನು ನೋಡಿದವರು ಕಡಿಮೆಯೆಂದೇ ಭಾವಿಸುತ್ತಾರೆ. ಇದಕ್ಕೆ ಬಾಣಂತಿಯ ಕೆಳಗೆ ಹಾಸಿ ರಕ್ತ ಹಿಡಿದು ಅಳೆಯುವ, ಗುರುತು ಹಾಕಿದ ಪ್ಲಾಸ್ಟಿಕ್ ಚೀಲ ಬಂದಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ, 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಚೀಲವನ್ನೇ ಬಳಸಲಾಗಿತ್ತು. ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದದ್ದನ್ನು ಅದು ತೋರಿಸಿತು. ಪಿಜಿ ಕಲಿಯಬೇಕಾದದ್ದು ಇಲ್ಲಿನ ಅನುಕ್ರಮವನ್ನು: ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ಮೂರು ಗಂಟೆಯೊಳಗೆ ಟ್ರಾನೆಕ್ಸಾಮಿಕ್ ಆಸಿಡ್, ಕ್ಯಾತಿಟರ್‌ಗೆ ಕಾಂಡೋಮ್ ಕಟ್ಟಿ ಸಲೈನ್ ತುಂಬಿ ಒಳಗಿಂದ ಒತ್ತುವುದು, ಹೊಲಿಗೆ, ಕೊನೆಗೆ ಗರ್ಭಕೋಶವನ್ನೇ ತೆಗೆಯುವುದು. ಕಾಂಡೋಮಿನ ಆ ಅಗ್ಗದ ಉಪಾಯ ಬಾಂಗ್ಲಾದೇಶದ ವೈದ್ಯೆ ಸಯೇಬಾ ಅಖ್ತರ್ ಅವರದು.

ಸಿಸೇರಿಯನ್ ಏರುತ್ತಿರುವುದು ಕಲಿಕೆಯನ್ನೂ ಬದಲಿಸಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 21.5, ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಸೇರಿಯನ್. ಬುಡ ಮುಂದಾಗಿ ಬರುವ ಮಗುವನ್ನು ಕೈಯಿಂದ ಹೆರಿಗೆ ಮಾಡಿಸುವುದು, ಫೋರ್ಸೆಪ್ಸ್ ಹಾಕುವುದು ಹಿರಿಯರ ಜೊತೆಗೇ ಮರೆಯಾಗುತ್ತಿರುವ ಕೌಶಲಗಳು. ಆದರೆ ಅವಳಿಯಲ್ಲಿ ಎರಡನೆಯದು ಬುಡ ಮುಂದಾಗಿ ಬಾಗಿಲಿಗೆ ಬಂದಾಗ ಓಟಿಗೆ ಸಾಗಿಸಲು ಹೊತ್ತಿರುವುದಿಲ್ಲ. ಗೊಂಬೆಯ ಮೇಲಾದರೂ ಅದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು ವಿಭಾಗಗಳ ಕರ್ತವ್ಯ. ಹಳೆಯ ಸಿಸೇರಿಯನ್ ಗಾಯಕ್ಕೆ ಮಾಸು ಕಚ್ಚಿಕೊಳ್ಳುವ ಕಠಿಣ ಕೇಸುಗಳು ಈ ಏರಿಕೆಯ ಇನ್ನೊಂದು ಫಲ.

ಸ್ತ್ರೀರೋಗದ ಭಾಗದಲ್ಲಿ ಗರ್ಭಕೋಶದ ಗಡ್ಡೆ, ಜಾರಿದ ಗರ್ಭಕೋಶ, ಬಂಜೆತನ, ಕ್ಯಾನ್ಸರ್, ಲ್ಯಾಪರೊಸ್ಕೋಪಿ ಬರುತ್ತವೆ. ಕಾನೂನೂ ಇಲ್ಲಿ ಪಾಠವೇ. 2021ರ ತಿದ್ದುಪಡಿಯಂತೆ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ವೈದ್ಯರ, ನಿರ್ದಿಷ್ಟ ವರ್ಗದವರಿಗೆ 24 ವಾರದವರೆಗೆ ಇಬ್ಬರ ಅಭಿಪ್ರಾಯ ಬೇಕು. ಹದಿನೆಂಟು ತುಂಬದ ಹುಡುಗಿ ಬಸುರಾಗಿ ಬಂದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಬೇಕು. ಅಳುತ್ತ ನಿಂತ ಅವಳ ತಾಯಿಗೆ ಅದನ್ನು ಹೇಳುವವರು ಬಹುಪಾಲು ಇಪ್ಪತ್ತಾರು-ಇಪ್ಪತ್ತೇಳರ ಪಿಜಿಗಳೇ.

ದುಡಿಮೆಯ ಅವಧಿ ಈ ತರಬೇತಿಯ ದೊಡ್ಡ ಕೊರತೆ. ದಿನಕ್ಕೆ ಸಾಮಾನ್ಯವಾಗಿ 12 ಗಂಟೆ ಮೀರಬಾರದೆಂದು ಕೇಂದ್ರದ ರೆಸಿಡೆನ್ಸಿ ಯೋಜನೆ 1992ರಲ್ಲೇ ಹೇಳಿತ್ತು. ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ಹೇಳುತ್ತದೆ. ಅಡ್ಮಿಷನ್ ದಿನ ಬೆಳಿಗ್ಗೆ ಬಂದವರು ಮಾರನೆಯ ಮಧ್ಯಾಹ್ನದವರೆಗೂ ನಿಂತೇ ಇರುವ ವಾಡಿಕೆ ಇದರಿಂದ ಅಳಿದಿಲ್ಲ. ಈ ವಿಭಾಗಕ್ಕೆ ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಮದುವೆ-ಬಸಿರಿನ ವಯಸ್ಸೂ ಇದೇ. ನಿದ್ದೆಗೆಟ್ಟ ಕೈಯಿಂದ ಹೊಲಿಗೆ ಹಾಕಿಸುವುದು ತಾಯಂದಿರಿಗೂ ಅನ್ಯಾಯ.

ಪ್ರಬಂಧ, ಲಾಗ್‌ಬುಕ್, ನಾಲ್ಕು ಲಿಖಿತ ಪತ್ರಿಕೆ, ಕ್ಲಿನಿಕಲ್ ಮತ್ತು ವೈವಾದೊಂದಿಗೆ ಓದು ಮುಗಿಯುತ್ತದೆ. ನಡುವೆ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯುವುದು 2021ರ ತಂಡದಿಂದ ಕಡ್ಡಾಯ. 2018–20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ಕರ್ನಾಟಕದ ತಾಯಂದಿರ ಮರಣ 69; ದೇಶದ್ದು 97 ಇದ್ದರೂ ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು, ಕೇರಳದ್ದು 19. ಮುಂದೆ ತಾಲ್ಲೂಕು ಆಸ್ಪತ್ರೆಗೆ ಹೋಗುವ ತಜ್ಞೆಗೆ ರಾತ್ರಿ ಎಬ್ಬಿಸಿ ಕೇಳಲು ಹಿರಿಯರಿರುವುದಿಲ್ಲ. ಅರಿವಳಿಕೆ ತಜ್ಞರು ಊರಲ್ಲಿದ್ದಾರೆಯೇ, ರಕ್ತ ಎಷ್ಟು ಬಾಟಲಿ ಇದೆ, ಜಿಲ್ಲಾಸ್ಪತ್ರೆ ಎಷ್ಟು ದೂರ ಎಂದು ಮೊದಲು ವಿಚಾರಿಸಿಕೊಂಡು, ಆಮೇಲೆ ಅವರು ಗ್ಲೌಸ್ ಹಾಕಿಕೊಳ್ಳುತ್ತಾರೆ.