ಎರಡಕ್ಕೂ ‘ಗಿಡ’ ಅಂದರೆ ಆಗುವ ಎಡವಟ್ಟು

ಕಲಬುರಗಿಯ ಮಾತಿನಲ್ಲಿ ‘ಮರ’ ಎಂಬ ಪದಕ್ಕೆ ಕೆಲಸ ಕಡಿಮೆ. ಬದನೆಯೂ ಗಿಡ, ಮೂವತ್ತು ಅಡಿಯ ಬೇವೂ ಗಿಡ. ‘ಬೇವಿನ ಗಿಡದ ಕೆಳಗ ಕುಂತೀನಿ’ ಎಂದರೆ ಇಲ್ಲಿ ಯಾರೂ ನಗುವುದಿಲ್ಲ; ಮೈಸೂರು ಕಡೆಯವರು ಒಂದು ಗಳಿಗೆ ತಬ್ಬಿಬ್ಬಾಗಬಹುದು, ಅಷ್ಟೇ. ಮಾತಿನಲ್ಲಿ ಇದರಿಂದ ನಷ್ಟವಿಲ್ಲ. ನಷ್ಟವಾಗುವುದು ಕಂಪೌಂಡಿನೊಳಗೆ. ಖೂಬಾ ಪ್ಲಾಟ್‌ನಂಥ ಬಡಾವಣೆಯಲ್ಲಿ ಮನೆ ಮುಂದೆ ಹತ್ತಡಿ ಮಣ್ಣು ಉಳಿದಿದ್ದರೆ ಅದರಲ್ಲೇ ನಾಲ್ಕು ಬದನೆ, ಎರಡು ಟೊಮೆಟೊ, ಒಂದು ಮಡಿ ಮೆಂತೆ. ಗೇಟಿನ ಪಕ್ಕ ನೆರಳಿಗೊಂದು ಬೇವು ಇಲ್ಲವೇ ಹೊಂಗೆ. ಸಂಜೆ ಪೈಪು ಹಿಡಿದವರು ಎಲ್ಲಕ್ಕೂ ಒಂದೇ ಸಮ ನೀರು ಬಿಟ್ಟು ಒಳಗೆ ಹೋಗುತ್ತಾರೆ. ನಾಲ್ಕಾರು ತಿಂಗಳಿದ್ದು ಹೋಗುವ ನೆಂಟನಿಗೂ ಮೊಮ್ಮಕ್ಕಳ ಕಾಲದವರೆಗೆ ಬಾಳಬೇಕಾದವನಿಗೂ ಒಂದೇ ತಾಟು.

‘ದಿನಾ ಒಂದ್ ಕೊಡ ನೀರ್ ಹಾಕಿದ್ರ ಗಿಡ ಜಲ್ದಿ ಬೆಳೀತದ.’

ಬದನೆಯ ಮಟ್ಟಿಗೆ ಇದು ಅರ್ಧ ನಿಜ. ಅದು ನೀರು ಹೀರುವ ಬೇರು ಬಹುಪಾಲು ಮೇಲಿನ ಒಂದೂವರೆ ಅಡಿಯಲ್ಲೇ ಇರುತ್ತದೆ. ಮೆಂತೆಯದಂತೂ ಇನ್ನೂ ಮೇಲೆ. ಮೇಲ್ಮಣ್ಣು ಒಣಗಿತೆಂದರೆ ಅವುಗಳ ಪಾಲಿಗೆ ಬಾವಿಯೇ ಬತ್ತಿದ ಹಾಗೆ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಬೇಕೇ ಬೇಕು.

ಬೇವಿನ ಸಸಿಗೆ ಇದೇ ಉಪಚಾರ ಮಾಡಿದರೆ ಕೆಡುಕು. ದಿನವೂ ಮೇಲೆಯೇ ಸಿಗುವಾಗ ಕೆಳಗಿಳಿದು ಹುಡುಕುವ ದರ್ದು ಯಾವ ಬೇರಿಗಿದೆ? ಮೇ ತಿಂಗಳ ರಜೆಗೆ ಮನೆಯವರು ಹದಿನೈದು ದಿನ ಊರಿಗೆ ಹೋದರೆ, 40 ಡಿಗ್ರಿ ದಾಟಿದ ಬಿಸಿಲಿಗೆ ಮುದ್ದು ಮಾಡಿ ಬೆಳೆಸಿದ ಸಸಿಯೇ ಮೊದಲು ಬಾಡಿ ನಿಲ್ಲುತ್ತದೆ. ಮೊದಲ ಬೇಸಿಗೆಗೆ ವಾರಕ್ಕೊಮ್ಮೆ ಎರಡು ಕೊಡ, ನಿಧಾನಕ್ಕೆ ಇಂಗುವಂತೆ. ಎರಡನೆಯದಕ್ಕೆ ಹದಿನೈದು ದಿನಕ್ಕೊಮ್ಮೆ. ಆಮೇಲೆ ಬೇವು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ವರ್ಷಕ್ಕೆ 750 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಈ ಸೀಮೆ ಬೇವಿಗೆ ಬಡತನದ್ದಲ್ಲ.

ನಮ್ಮ ಎರೆಮಣ್ಣಿನ ಗುಣವೂ ಇಲ್ಲಿ ಸೇರುತ್ತದೆ. ಮೇಲೆ ಬಿರುಕು ಬಿಟ್ಟು ಬೂದಿಯಂತೆ ಕಂಡರೂ ನಾಲ್ಕು ಬೆರಳು ಕೆದಕಿದರೆ ಕೆಳಗೆ ಹಸಿ ಇರುತ್ತದೆ. ಈ ಜಿಗುಟು ಮಣ್ಣಿನಿಂದ ನೀರು ಬೇಗ ಇಳಿಯುವುದಿಲ್ಲ. ಮತ್ತೆ ಮತ್ತೆ ಸುರಿದರೆ ಬೇರಿಗೆ ಗಾಳಿ ಸಿಗದೆ ಎಲೆ ಜೋತು ಬೀಳುತ್ತದೆ. ‘ಒಣಗ್ಲತದ್ರಿ’ ಎಂದು ಇನ್ನೊಂದು ಕೊಡ ತರುತ್ತೇವೆ. ಮಧ್ಯಾಹ್ನ ಎರಡಕ್ಕೆ ಬಾಡಿದ ಬದನೆ ಸಂಜೆ ಆರಕ್ಕೆ ತಾನೇ ಎದ್ದು ನಿಂತರೆ ಅದು ನೀರಡಿಕೆಯಲ್ಲ, ಬಿಸಿಲಿಗೆ ಎಲೆ ತಗ್ಗಿಸಿದ್ದು. ಕೊಡ ಎತ್ತುವ ಮೊದಲು ಬೆರಳಿಟ್ಟು ನೋಡುವುದು ಎಲ್ಲ ಲೆಕ್ಕಕ್ಕಿಂತ ಮೇಲು.

‘ಕುಣಿ ತುಂಬ ಗೊಬ್ಬರ ಹಾಕ್ರಿ, ಕಸುವು ಬರ್ತದ.’

ಬದನೆ ನಿಜಕ್ಕೂ ಹೊಟ್ಟೆಬಾಕ. ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂಬುದು ಕೃಷಿ ತಜ್ಞರು ಸಾಮಾನ್ಯವಾಗಿ ಹೇಳುವ ಪ್ರಮಾಣ. ಅಂಗಳಕ್ಕೆ ಇಳಿಸಿದರೆ ಚದರ ಮೀಟರಿಗೆ ಎರಡೂವರೆ ಕಿಲೋ. ಕೆಲವೇ ತಿಂಗಳಲ್ಲಿ ಎಲೆ, ಹೂ, ಕಾಯಿ ಎಲ್ಲ ಮಾಡಿ ಮುಗಿಸಬೇಕಾದ ಜೀವಕ್ಕೆ ಅಷ್ಟು ಬೇಕು. ಹೊಂಗೆಯದು ಬೇರೆ ಸಂಸಾರ. ಅದು ತೊಗರಿಯ ದಾಯಾದಿ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಅದಕ್ಕೆ ಉಣಿಸುತ್ತವೆ. ಬೇವಿಗೆ ಆ ಅನುಕೂಲ ಇಲ್ಲದಿದ್ದರೂ ಅದರ ಹಸಿವು ಸಣ್ಣದು. ಎರೆಮಣ್ಣಿನ ನಡುವೆ ಕುಣಿ ತೋಡಿ ಬರೀ ಗೊಬ್ಬರ, ಮರಳು ತುಂಬಿದರೆ ಆ ಕುಣಿಯೇ ಕುಂಡವಾಗುತ್ತದೆ: ಬೇರು ಮೆತ್ತನೆ ಜಾಗ ಬಿಟ್ಟು ಗಟ್ಟಿ ಮಣ್ಣಿಗೆ ಹೊಗದೆ ಒಳಗೇ ಸುತ್ತುತ್ತದೆ, ಮಳೆಗಾಲದಲ್ಲಿ ನೀರೂ ಅಲ್ಲೇ ನಿಲ್ಲುತ್ತದೆ. ತೋಡಿದ ಮಣ್ಣನ್ನೇ ಒಡೆದು ತಿರುಗಿ ತುಂಬಿ, ಗೊಬ್ಬರವನ್ನು ಮೇಲೆ ಹರಡಿದರೆ ಆಯಿತು.

ಎಲೆ ಹಳದಿಯಾಯಿತೆಂದು ಯೂರಿಯಾ ಎರಚುವವರಿಗೂ ಒಂದು ಮಾತು. ಎರೆಮಣ್ಣು ಕ್ಷಾರದ ಕಡೆ ವಾಲಿದ ಮಣ್ಣು. ಅದರಲ್ಲಿ ಕಬ್ಬಿಣವಿದ್ದರೂ ಗಿಡದ ಕೈಗೆ ಸಿಗುವುದಿಲ್ಲ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಅದು ಕಬ್ಬಿಣದ ಕೊರತೆ. ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ್ದು.

‘ಗಿಡ ಎಷ್ಟ್ ಎತ್ತರ ಅದನೋ ಬೇರು ಅಷ್ಟು ಆಳ.’

ಮರದ ಉಣ್ಣುವ ಬೇರುಗಳು ಹೆಚ್ಚಾಗಿ ಮೇಲಿನ ಎರಡು ಅಡಿಯಲ್ಲೇ ಇರುತ್ತವೆ, ಕೊಂಬೆಯ ನೆರಳು ದಾಟಿ ಆಚೆಗೂ ಹಬ್ಬಿರುತ್ತವೆ. ಬೇವು ಆಳಕ್ಕೂ ಇಳಿಯುವ ಜಾತಿ, ಒಪ್ಪಿದೆ; ಆದರೆ ಅದರ ದಿನದ ಊಟ ಮೇಲುಗಡೆಯದೇ. ಹಾಗಾಗಿ ದೊಡ್ಡ ಮರದ ಬುಡಕ್ಕೆ ನೀರು ಸುರಿಯುವುದೆಂದರೆ ಉಣ್ಣುವವನ ಬೆನ್ನಿಗೆ ಸಾರು ಬಡಿಸಿದ ಹಾಗೆ. ಇಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ನಮ್ಮಲ್ಲಿ ಶಹಾಬಾದ್ ಫರಸಿ ಕೈಗೆಟಕುವಷ್ಟು ಹತ್ತಿರ. ಅಂಗಳಕ್ಕೆ ಹಾಸುವಾಗ ಕಾಂಡಕ್ಕೆ ತಾಗಿಸಿ ಹಾಸಿ, ಸಂದಿಗೆ ಸಿಮೆಂಟು ಮೆತ್ತುತ್ತೇವೆ. ನಾಲ್ಕೈದು ವರ್ಷಕ್ಕೆ ತುದಿ ಕೊಂಬೆ ಒಣಗಿದಾಗ ರೋಗ ಎನ್ನುತ್ತೇವೆ. ಮಳೆಯೂ ಗಾಳಿಯೂ ಹೋಗದ ಕಲ್ಲಿನ ಕೆಳಗೆ ಬೇರು ಉಪವಾಸ ಬಿದ್ದದ್ದು ಯಾರಿಗೂ ಕಾಣುವುದಿಲ್ಲ. ಬುಡದ ಸುತ್ತ ಕನಿಷ್ಠ ಮೂರಡಿ ಮಣ್ಣು ತೆರೆದಿಡುವುದು ಚೆಲುವಿಗಲ್ಲ, ಉಸಿರಿಗೆ.

‘ಬೇವಿನ ನೆಳ್ಳಾಗ ಕಾಯಿಪಲ್ಯ ತಂಪಾಗಿರ್ತದ, ಹುಳಾನೂ ಬರಂಗಿಲ್ಲ.’

ಎರಡು ಸುಳ್ಳು ಒಂದೇ ವಾಕ್ಯದಲ್ಲಿ. ಕಾಯಿ ಬಿಡುವ ಬದನೆ, ಟೊಮೆಟೊ, ಮೆಣಸಿನಕಾಯಿಗೆ ದಿನಕ್ಕೆ ಆರರಿಂದ ಎಂಟು ತಾಸು ನೇರ ಬಿಸಿಲು ಬೇಕು. ನೆರಳಿನಲ್ಲಿ ಅವು ಉದ್ದಕ್ಕೆ ಬೆಳೆದು ಬರೀ ಎಲೆಯಾಗುತ್ತವೆ, ಇತ್ತ ನೀರನ್ನು ಬೇವು ಮೊದಲೇ ಕುಡಿದಿರುತ್ತದೆ. ಮೆಂತೆ, ಕೊತ್ತಂಬರಿ, ಪಾಲಕ್ ಅರೆನೆರಳಿಗೆ ಒಗ್ಗುತ್ತವೆ. ಮರದ ಕಡೆಯ ಮಡಿ ಅವಕ್ಕಿರಲಿ. ಇನ್ನು ಹುಳ. ಬೇವಿನ ಕಸುವು ಮುಖ್ಯವಾಗಿ ಬೀಜದ ತಿರುಳಿನಲ್ಲಿದೆ, ನೆರಳಿನಲ್ಲಲ್ಲ. ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳ ಬೇವಿನ ಬುಡದಲ್ಲೂ ಆರಾಮಾಗಿ ಹೊಟ್ಟೆ ಹೊರೆಯುತ್ತದೆ. ಲೀಟರ್ ನೀರಿಗೆ 50 ಗ್ರಾಂ ತಿರುಳಿನ ಪುಡಿ ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಬೆರೆಸಿ ಸಂಜೆ ಹೊಡೆದರೆ ಹುಳಕ್ಕೆ ತಡೆಯಾದೀತು. ಬಾಡಿದ ಕುಡಿಗಳನ್ನು ಕಂಡಂತೆ ಚಿವುಟಿ ನಾಶ ಮಾಡುವುದೂ ಜೊತೆಗಿರಬೇಕು.

ಮೇ ತಿಂಗಳಲ್ಲಿ ಟೊಮೆಟೊ ಹೂ ಉದುರಿದರೆ ಗೊಬ್ಬರ ಸಾಲದೆಂದು ಬಗೆಯುವುದೂ ತಪ್ಪು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಆ ತಿಂಗಳು ಟೊಮೆಟೊ ಆಸೆ ಬಿಡುವುದೇ ಜಾಣತನ.

ಮರವೋ ಗಿಡವೋ ಎಂಬ ಗೊಂದಲಕ್ಕೆ ಒಳ್ಳೆ ಸಾಕ್ಷಿ ಹುಮನಾಬಾದ್ ದಾರಿಯ ಕಮಲಾಪುರದಲ್ಲಿದೆ. ಅಲ್ಲಿಯ ಕೆಂಪು ಬಾಳೆ ಭೌಗೋಳಿಕ ಸೂಚಿಕೆ ಪಡೆದ ಹಣ್ಣು. ಆಳೆತ್ತರ ದಾಟಿ ಬೆಳೆದ ಬಾಳೆಗೆ ಮರದ ಠೀವಿ ಇದೆ, ಕಟ್ಟಿಗೆ ಮಾತ್ರ ಒಂದು ಎಳೆಯೂ ಇಲ್ಲ. ಕಾಂಡವೆಂದು ಕಾಣುವುದು ಒಂದರೊಳಗೊಂದು ಸುತ್ತಿದ ಎಲೆಬುಡಗಳು. ಗೊನೆ ಕೊಡಲು ಒಂದೂವರೆ ವರ್ಷದ ಹತ್ತಿರ ಹಿಡಿದರೂ ಅದರ ನೀರಡಿಕೆ, ಹಸಿವು ಎಲ್ಲ ಕಾಯಿಪಲ್ಯದ್ದೇ. ಬೇವಿನಂತೆ ಅದನ್ನು ಬಿಟ್ಟುಬಿಟ್ಟರೆ ಗೊನೆಯ ಮಾತೇ ಇಲ್ಲ.

ಕೊನೆಗೆ ಊರುಗೋಲು. ಟೊಮೆಟೊಗೆ ಅದು ಕಡೇತನಕ ಬೇಕು, ಅದರ ಕಾಂಡ ಕಾಯಿಯ ಭಾರ ಹೊರುವುದಿಲ್ಲ. ಬೇವಿನ ಸಸಿಗೂ ಹಾಗೇ ಬಿಗಿಯಾಗಿ ಕಟ್ಟಿ ಮರೆತವರು ಎಷ್ಟೋ ಮಂದಿ. ಸಸಿ ಗಾಳಿಗೆ ತೂಗಿದಷ್ಟೂ ಬುಡ ದಪ್ಪವಾಗುತ್ತದೆ. ಅಲುಗಾಡದಂತೆ ಕಟ್ಟಿದರೆ ತೆಳ್ಳಗೆ ಮೇಲೇರುತ್ತದೆ. ಕಟ್ಟುವುದಾದರೆ ಸಡಿಲವಾಗಿ, ಹಳೇ ಸೀರೆಯ ಪಟ್ಟಿಯಿಂದ. ವರ್ಷ ತುಂಬಿದ ಮೇಲೆ ಬಿಚ್ಚಬೇಕು. ಪ್ಲಾಸ್ಟಿಕ್ ಹಗ್ಗ ತೊಗಟೆಯೊಳಗೆ ಇಳಿದು ಕುತ್ತಿಗೆ ಹಿಸುಕಿದ ಬೇವುಗಳನ್ನು ರಸ್ತೆ ಬದಿಯಲ್ಲಿ ಕಂಡಾಗೆಲ್ಲ ಜೇಬಿನಲ್ಲೊಂದು ಬ್ಲೇಡು ಇರಬಾರದಿತ್ತೇ ಅನಿಸುತ್ತದೆ. ಈಗೀಗ ಇಟ್ಟುಕೊಳ್ಳುತ್ತೇನೆ.