ಶಬ್ದಮಾಪಕಕ್ಕೆ ಯಾರ ಕಿವಿ?

ಶಬ್ದಮಾಲಿನ್ಯ ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರ 2000ದಲ್ಲಿ ರೂಪಿಸಿದ ನಿಯಮಗಳ ಕೊನೆಯಲ್ಲಿ ಒಂದು ಪುಟ್ಟ ಅನುಸೂಚಿಯಿದೆ. ಕೈಗಾರಿಕಾ ಪ್ರದೇಶದಲ್ಲಿ ಹಗಲು 75, ರಾತ್ರಿ 70 ಡೆಸಿಬೆಲ್; ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ಈ ಅಂಕಿಗಳನ್ನು ಅಧಿಕಾರಿಗಳು, ವಕೀಲರಷ್ಟೇ ಅಲ್ಲ, ಗಣೇಶೋತ್ಸವಕ್ಕೆ ಧ್ವನಿವರ್ಧಕ ಬಾಡಿಗೆ ಕೊಡುವವರೂ ಬಲ್ಲರು. ಆದರೆ ಡೆಸಿಬೆಲ್ ಎಂಬ ಪದದ ಪಕ್ಕದಲ್ಲಿ ಕಂಸದೊಳಗೆ ಕುಳಿತಿರುವ ‘ಎ’ ಎಂಬ ಒಂಟಿ ಅಕ್ಷರದತ್ತ ಹೆಚ್ಚಿನವರ ಗಮನ ಹರಿಯುವುದಿಲ್ಲ. ಅದರ ಅರ್ಥವನ್ನು ಅನುಸೂಚಿಯ ಟಿಪ್ಪಣಿಯೇ ತಿಳಿಸುತ್ತದೆ. ಮನುಷ್ಯನ ಕಿವಿ ಯಾವ ಆವರ್ತನದ ಧ್ವನಿಗೆ ಎಷ್ಟು ಸ್ಪಂದಿಸುತ್ತದೆಯೋ ಅದಕ್ಕನುಗುಣವಾಗಿ ತೂಗಿದ ಅಳತೆ ಅದು. ನಮಗೆ ಮಂದವಾಗಿ ಕೇಳುವ ಸದ್ದನ್ನು ಮಾಪಕವೂ ಮಂದವಾಗಿಯೇ ದಾಖಲಿಸುತ್ತದೆ. 50 ಹರ್ಟ್ಸ್‌ನ ಗುಡುಗುಡು ಸದ್ದಿನಿಂದ ಸುಮಾರು 30 ಡೆಸಿಬೆಲ್ ಕಳೆದು ಬರೆದುಕೊಳ್ಳುತ್ತದೆ. 20,000 ಹರ್ಟ್ಸ್ ದಾಟಿದ ಸದ್ದು ಅದರ ಲೆಕ್ಕಕ್ಕೇ ಸೇರುವುದಿಲ್ಲ.

ಮನುಷ್ಯರು ಮನುಷ್ಯರಿಗಾಗಿ ಮಾಡಿದ ನಿಯಮಕ್ಕೆ ಮನುಷ್ಯನ ಕಿವಿಯೇ ಇರುವುದು ಸಹಜ. ಆದರೆ ಇದೇ ಅಂಕಿಗಳನ್ನು ಮುಂದಿಟ್ಟುಕೊಂಡು, ಗಣಿಗಾರಿಕೆಯಿಂದ ‘ಪರಿಸರ’ಕ್ಕೆ ಬಾಧೆಯಿಲ್ಲವೆಂದು ವರದಿ ಬರೆಯುವ ಪದ್ಧತಿಯೂ ಬೆಳೆದುಬಂದಿದೆ. ಪರಿಸರವೆಂಬುದು ಮನುಷ್ಯನ ಕಿವಿಯೊಂದರಿಂದಲೇ ಆಲಿಸುತ್ತದೆಯೆ?

ಈ ಪ್ರಶ್ನೆ ನನ್ನನ್ನು ಕಾಡಿದ್ದು ಭಂಕೂರಿನಲ್ಲಿ. ಕಲಬುರಗಿ ಜಿಲ್ಲೆಯ ಶಹಾಬಾದಿನ ಮಗ್ಗುಲಲ್ಲಿರುವ ಈ ಊರಿನ ನೆಲದಡಿ ಸುಣ್ಣಕಲ್ಲು ಪದರ ಪದರವಾಗಿ ಮಲಗಿದೆ. ರಾಜ್ಯದ ಅದೆಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಫರಸಿ ಇಂತಹ ಖಣಿಗಳಿಂದಲೇ ಬಂದದ್ದು. ಅದೇ ಕಲ್ಲು ವಾಡಿ, ಚಿತ್ತಾಪುರ, ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳ ಆಹಾರವೂ ಹೌದು. ಮುಂಬೈ ಕಡೆಯಿಂದ ಬಂದ ರೈಲುಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿದಾಗಿನಿಂದ ಈ ಸೀಮೆಗೆ ಗಾಡಿಯ ಸದ್ದು ಹೊಸದಲ್ಲ. ಅದಕ್ಕೆ ಈಗ ಲಾರಿಗಳು, ಕಲ್ಲು ಕೊಯ್ಯುವ ಯಂತ್ರಗಳು, ದೂರದ ಗಣಿಗಳಲ್ಲಿ ಸಿಡಿಸುವ ಮದ್ದು ಜೊತೆಗೂಡಿವೆ. ಬಂಧುಗಳ ಮನೆಯಲ್ಲಿ ಒಂದು ರಾತ್ರಿ ತಂಗಿದ್ದ ನಾನು ಬೆಳಗಿನವರೆಗೆ ಹೊರಳಾಡಿ, ಇಷ್ಟು ಸದ್ದಿನಲ್ಲಿ ಹೇಗೆ ನಿದ್ರಿಸುತ್ತೀರೆಂದು ಕೇಳಿದೆ. ಮನೆಯ ಹುಡುಗ ನಕ್ಕು, ‘ಸಪ್ಪಳ ಎಲ್ಲಿ ಅದ ಕಾಕಾ? ನಮಗಂತೂ ಗೊತ್ತೇ ಆಗಂಗಿಲ್ಲ ನೋಡ್ರಿ’ ಎಂದ.

ಆತ ಹೇಳಿದ್ದು ನಿಜ. ಮಿದುಳಿನ ಕೆಲಸದಲ್ಲಿ ಗ್ರಹಿಸುವುದು ಎಷ್ಟಿದೆಯೋ ಕೈಬಿಡುವುದೂ ಬಹುಶಃ ಅಷ್ಟೇ ಇದೆ. ಕಣ್ಣಿನ ಪರದೆಯಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಹೆಚ್ಚು. ಅಲ್ಲಿಂದ ಮಿದುಳಿಗೆ ಹೋಗುವ ನರತಂತುಗಳು ಸುಮಾರು ಹತ್ತು ಲಕ್ಷ. ಆ ತಂತುಗಳು ಹೊರಡುವ ಜಾಗದಲ್ಲಿ ಕಣ್ಣಿಗೆ ಏನೂ ಕಾಣಿಸದು. ಆದರೂ ಜಗತ್ತಿನಲ್ಲಿ ನಮಗೆ ರಂಧ್ರ ಕಾಣುವುದಿಲ್ಲ. ಸುತ್ತಲಿನದನ್ನು ನೋಡಿ ಮಿದುಳು ಅದನ್ನು ತುಂಬಿಕೊಳ್ಳುತ್ತದೆ. ಕಿವಿಯ ಸಂಗತಿಯೂ ಹೀಗೆಯೇ. ಮತ್ತೆ ಮತ್ತೆ ಬರುವ, ಅಪಾಯ ತಾರದ ಸದ್ದಿಗೆ ನರಕೋಶಗಳು ಕ್ರಮೇಣ ಪ್ರತಿಕ್ರಿಯೆಯನ್ನು ತಗ್ಗಿಸುತ್ತವೆ. ನಿದ್ರೆಯಲ್ಲಿ ಈ ಸೋಸುವಿಕೆ ಇನ್ನೂ ಬಿಗಿ. ಗೂಡ್ಸ್ ಗಾಡಿ ಹಾದುಹೋದರೂ ಏಳದ ತಾಯಿ ಕೂಸು ಮುಲುಗಿದರೆ ಎದ್ದು ಕೂರುತ್ತಾಳೆ.

ಆದರೆ ಅರಿವಿಗೆ ಬಾರದ ಸದ್ದು ಮೈಗೂ ತಾಗಲಿಲ್ಲವೆಂದು ತಿಳಿಯುವಂತಿಲ್ಲ. ಮಲಗಿದವನು ಏಳದಿದ್ದರೂ ಅವನ ಹೃದಯದ ಬಡಿತ ಏರುತ್ತದೆ, ಒತ್ತಡದ ಹಾರ್ಮೋನುಗಳು ಸ್ರವಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರ ಮಾರ್ಗಸೂಚಿಯಲ್ಲಿ ರಾತ್ರಿಯ ರೈಲುಸದ್ದನ್ನು 44 ಡೆಸಿಬೆಲ್‌ಗಿಂತ ಕೆಳಗಿಡಬೇಕೆಂದು ಹೇಳಿದ್ದು ಇಂತಹ ಪುರಾವೆಗಳ ಆಧಾರದ ಮೇಲೆಯೇ. ರೂಢಿಯಾಗಿದೆ ಎಂಬ ಮಾತನ್ನು ದೂರಿಲ್ಲ ಎಂಬುದಕ್ಕೆ ಸಮನೆಂದು ಕಡತದಲ್ಲಿ ಬರೆಯುವ ಸೌಕರ್ಯ ಆಡಳಿತಕ್ಕಿದೆ. ಮೈ ಅದನ್ನು ಒಪ್ಪುವುದಿಲ್ಲ.

ಮನುಷ್ಯನ ಮಿದುಳೇ ಇಷ್ಟು ಸೋಸುವುದಾದರೆ ಉಳಿದ ಜೀವಿಗಳ ಪಾಡೇನು? ಭಂಕೂರಿನ ಸುತ್ತ ಕೆಲಸ ಮುಗಿದು ಬಿಟ್ಟ ಖಣಿಗಳಲ್ಲಿ ಮಳೆಗಾಲದ ನೀರು ನಿಂತು ಕಪ್ಪೆಗಳು ಸೇರುತ್ತವೆ. ನಮ್ಮ ಹಿರಿಯರು ಅಲ್ಪಜ್ಞನಿಗೆ ಕೂಪಮಂಡೂಕವೆಂದರು. 1959ರಲ್ಲಿ ಅಮೆರಿಕದ ಲೆಟ್ವಿನ್ ಮತ್ತು ಸಂಗಡಿಗರು ಕಪ್ಪೆಯ ಕಣ್ಣು ಅದರ ಮಿದುಳಿಗೆ ಏನನ್ನು ತಿಳಿಸುತ್ತದೆಂದು ಶೋಧಿಸಿ ಪ್ರಸಿದ್ಧವಾದ ಪ್ರಬಂಧವೊಂದನ್ನು ಪ್ರಕಟಿಸಿದರು. ಚಲಿಸುವ ಸಣ್ಣ ಕಪ್ಪು ಚುಕ್ಕೆಗೆ ಮಿಡಿಯುವ ನರತಂತುಗಳು ಕಪ್ಪೆಯ ಕಣ್ಣಿನಲ್ಲೇ ಇವೆ. ಅಲುಗದೆ ಬಿದ್ದಿರುವ ನೊಣಗಳ ರಾಶಿಯ ನಡುವೆ ಕೂತರೂ ಅದು ಹಸಿದು ಸಾಯಬಲ್ಲದು. ಆಹಾರವೆಂದರೆ ಅದರ ಮಟ್ಟಿಗೆ ಚಲಿಸುವ ವಸ್ತು. ಕೂಪದಿಂದ ಹೊರಗೆ ತಂದಿಟ್ಟರೂ ಕಪ್ಪೆ ತನ್ನ ಕಣ್ಣಿನ ಕೂಪವನ್ನು ಹೊತ್ತೇ ಬರುತ್ತದೆ. ನಾವೂ ಅಷ್ಟೆ, ನಮ್ಮ ಕೂಪ ತುಸು ಅಗಲ.

ಹಾವನ್ನು ಸಂಸ್ಕೃತದಲ್ಲಿ ಚಕ್ಷುಶ್ರವ ಎನ್ನುತ್ತಾರೆ, ಕಣ್ಣಿನಿಂದ ಕೇಳುವಂಥದ್ದು ಎಂದರ್ಥ. ಹೊರಕಿವಿ ಕಾಣದ ಪ್ರಾಣಿಗೆ ಯಾರೋ ಸೂಕ್ಷ್ಮಮತಿ ಕೊಟ್ಟ ಹೆಸರು. ಅಂಗರಚನೆಯ ಪ್ರಕಾರ ನೋಡಿದರೆ ಹಾವು ಕೇಳುವುದು ದವಡೆಯ ಮೂಲಕ. ನೆಲಕ್ಕೆ ಆನಿಸಿದ ಕೆಳದವಡೆಗೆ ತಗಲಿದ ಕಂಪನ ಎಲುಬಿನಿಂದ ಎಲುಬಿಗೆ ದಾಟಿ ಒಳಕಿವಿಯನ್ನು ಮುಟ್ಟುತ್ತದೆ. ಗಾಳಿಯಲ್ಲಿ ಬರುವ ಮಂದ್ರ ಧ್ವನಿಗಳೂ ಅದಕ್ಕೆ ಸ್ವಲ್ಪ ಮಟ್ಟಿಗೆ ಕೇಳಿಸುತ್ತವೆ. ಅಂದರೆ ನಮ್ಮ ಶಬ್ದಮಾಪಕ ಯಾವ ಸದ್ದಿಗೆ ರಿಯಾಯಿತಿ ಕೊಟ್ಟು ಬರೆಯುತ್ತದೆಯೋ ಅದೇ ಹಾವಿನ ಪಾಲಿಗೆ ಲೋಕದ ಸುದ್ದಿ. ಗಣಿಸ್ಫೋಟದಿಂದ ನೆಲ ಎಷ್ಟು ಅದುರಬಹುದೆಂಬುದಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಲ್ಲಿ ಮಿತಿಗಳಿವೆ. ಸುತ್ತಲಿನ ವಾಸದ ಮನೆಗಳ ಬಳಿ, 8 ಹರ್ಟ್ಸ್‌ಗಿಂತ ಕೆಳಗಿನ ಕಂಪನ ಸೆಕೆಂಡಿಗೆ 5 ಮಿಲಿಮೀಟರ್ ವೇಗವನ್ನು ಮೀರಬಾರದು. ಅದು ಗೋಡೆ ಬಿರುಕು ಬಿಡದಿರಲೆಂದು ಹಾಕಿದ ಮಿತಿ. ಗೋಡೆಗೆ ಒಂದು ಮಾಪಕ, ಮನುಷ್ಯನಿಗೆ ಇನ್ನೊಂದು, ಮೂರನೆಯದು ಇಲ್ಲ.

ಮಾಪಕದ ಮತ್ತೊಂದು ತುದಿಯಲ್ಲಿ ಬಾವಲಿಗಳಿವೆ. ಕಣ್ಣು ಕಾಣದ ಬಾವಲಿ ಹಾರಬಲ್ಲದು, ಕಿವಿ ಮುಚ್ಚಿದ್ದು ಹಾರಲಾರದು ಎಂಬುದು ಇಟಲಿಯ ಸ್ಪಲ್ಲಾಂಜಾನಿಯ ಕಾಲದಲ್ಲಿ, 1790ರ ದಶಕದಲ್ಲೇ ತಿಳಿದಿತ್ತು. ಕಾರಣ ತಿಳಿಯಲು 1938ರವರೆಗೆ ಕಾಯಬೇಕಾಯಿತು. ಆ ವರ್ಷ ಡೊನಾಲ್ಡ್ ಗ್ರಿಫಿನ್ ಮತ್ತು ಪಿಯರ್ಸ್ ಮನುಷ್ಯರಿಗೆ ಕೇಳಿಸದ ಬಾವಲಿಯ ಕೂಗನ್ನು ಉಪಕರಣದಿಂದ ಹಿಡಿದರು. ನೂರೈವತ್ತು ವರ್ಷ ವಿಜ್ಞಾನಿಗಳ ತಲೆಯ ಮೇಲೆಯೇ ಬಾವಲಿಗಳು ಕೂಗುತ್ತಿದ್ದವು! ನಮ್ಮ ರಾಜ್ಯದ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದರಲ್ಲಿ ಕೋಲಾರ ಎಲೆಮೂಗಿನ ಬಾವಲಿ ಎಂಬ ಪ್ರಭೇದವಿದೆ. ವಿಜ್ಞಾನಕ್ಕೆ ಅದರ ಪರಿಚಯವಾದದ್ದು 1994ರಲ್ಲಿ. ಜಗತ್ತಿನ ಬೇರೆಲ್ಲೂ ಈಗ ಅದು ಇರುವುದು ಗೊತ್ತಿಲ್ಲ. ಸಂಖ್ಯೆ ಇನ್ನೂರನ್ನು ಮೀರದೆಂಬ ಅಂದಾಜಿದೆ. ಅದಕ್ಕೆ ಎದುರಾದ ದೊಡ್ಡ ಅಪಾಯ ಸುತ್ತಲಿನ ಗ್ರಾನೈಟ್ ಗಣಿಗಾರಿಕೆ. ‘ಎ’ ತೂಕದ ಮಾಪಕವನ್ನು ಆ ಗುಹೆಯ ಬಾಯಿಗೆ ಹಿಡಿದರೆ ಬಾವಲಿಗಳ ಕೂಗು ಅದರಲ್ಲಿ ಮೂಡದು. ಸಂಜೆಯ ಆ ಗದ್ದಲವನ್ನು ಅದು ಪ್ರಶಾಂತ ವಾತಾವರಣವೆಂದೇ ಬರೆದುಕೊಂಡೀತು.

ಕಿವಿಯ ಈ ಮಾತು ಕಣ್ಣಿಗೂ ಸಲ್ಲುತ್ತದೆ. ಜೇನುನೊಣಕ್ಕೆ ಕೆಂಪು ಕಾಣದು, ನಮಗೆ ಕಾಣದ ಅತಿನೇರಳೆ ಕಾಣುತ್ತದೆ. ಬೆಂಗಳೂರಿನಲ್ಲಿ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮುಂದೆ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಮಂಡ್ಯಂ ಶ್ರೀನಿವಾಸನ್ ಅವರು ಜೇನುನೊಣ ದೂರವನ್ನು ಅಳೆಯುವ ಬಗೆಯನ್ನು ಪತ್ತೆಹಚ್ಚಿದರು. ಹಾರುವಾಗ ಅಕ್ಕಪಕ್ಕದ ದೃಶ್ಯ ಎಷ್ಟು ಸರಿದುಹೋಯಿತು ಎಂಬುದೇ ಅದರ ಅಳತೆಗೋಲು. ಚಿತ್ತಾರ ಬಳಿದ ಆರು ಮೀಟರಿನ ಇಕ್ಕಟ್ಟಾದ ಸುರಂಗದಲ್ಲಿ ಹಾರಿಬಂದ ನೊಣ ಗೂಡಿಗೆ ಮರಳಿ, ಸುಮಾರು ಇನ್ನೂರು ಮೀಟರ್ ದೂರ ಹೋಗಿಬಂದೆನೆಂದು ತನ್ನ ನೃತ್ಯದಲ್ಲಿ ಸಾರಿತು. ಹತ್ತು ಲಕ್ಷದಷ್ಟೇ ನರಕೋಶಗಳ ಮಿದುಳು ಸುಳ್ಳು ಹೇಳಿರಲಿಲ್ಲ. ಸುತ್ತಲಿನದನ್ನು ಬದಲಿಸಿದವರು ನಾವು.

ಇದೇ ಬಗೆಯ ಮೋಸಕ್ಕೆ ಪ್ರಾಣ ತೆರುತ್ತಿರುವ ಹಕ್ಕಿ ಎರ್ಲಡ್ಡು. ನಮ್ಮ ರಾಜ್ಯದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಈ ಭಾರಿ ಹಕ್ಕಿ ವಿದ್ಯುತ್ ತಂತಿಗೆ ಬಡಿದು ಸಾಯುವುದೇಕೆ ಎಂಬ ಪ್ರಶ್ನೆಗೆ ಅದರ ಆಫ್ರಿಕಾದ ಬಂಧುವಿನ ಕಣ್ಣನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಟ್ಟಿತು. ಅಕ್ಕಪಕ್ಕವನ್ನು ವಿಶಾಲವಾಗಿ ಕಾಣುವ ಆ ಹಕ್ಕಿಗೆ ಎದುರಿನದು ಕಾಣುವುದು ಕಿರಿದಾದ ಪಟ್ಟಿಯಲ್ಲಿ ಮಾತ್ರ. ಹಾರುತ್ತಲೇ ನೆಲ ನೋಡಲು ತಲೆಯನ್ನು 25 ಡಿಗ್ರಿಯಷ್ಟು ಬಗ್ಗಿಸಿದರೆ ಮುಂದಿನ ದಾರಿಗೆ ಅದು ಕುರುಡು. ಬಯಲಿನ ಆಕಾಶದಲ್ಲಿ ಅಡ್ಡಬರುವುದು ಏನೂ ಇಲ್ಲದ ಕಾಲದಲ್ಲಿ ರೂಪುಗೊಂಡ ಕಣ್ಣು ಅದು. ಸುಪ್ರೀಂ ಕೋರ್ಟ್ 2021ರಲ್ಲಿ ರಾಜಸ್ಥಾನ, ಗುಜರಾತ್‌ಗಳ ಎರ್ಲಡ್ಡು ಸೀಮೆಯಲ್ಲಿ ತಂತಿಗಳನ್ನು ನೆಲದಡಿ ಹಾಕಲು ಆದೇಶಿಸಿತು. 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ವಹಿಸಿತು. ಸೌರವಿದ್ಯುತ್ತಿನ ಅಗತ್ಯ ಒಂದು ಕಡೆ, ಹಕ್ಕಿಯ ಕಣ್ಣು ಇನ್ನೊಂದು ಕಡೆ. ಆ ತಕ್ಕಡಿಯ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಹಕ್ಕಿಯ ಕಣ್ಣು ತಕ್ಕಡಿಯನ್ನು ಏರಿತಲ್ಲ, ಅದು ಸಣ್ಣ ಸಂಗತಿಯಲ್ಲ.

ಭಂಕೂರಿನ ವಿಷಯದಲ್ಲಿ ಅಷ್ಟೂ ನಡೆದಿಲ್ಲ. ಪರಿಸರ ಪರಿಣಾಮ ಕುರಿತ 2006ರ ಅಧಿಸೂಚನೆಯಂತೆ ದೊಡ್ಡ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ನಡೆಯುತ್ತದೆ. ಸೇವೆಯಲ್ಲಿದ್ದಾಗ ಇಂತಹ ಸಭೆಗಳನ್ನು ಕಂಡಿದ್ದೇನೆ. ನೌಕರಿ, ಧೂಳು, ಬಿರುಕುಬಿಟ್ಟ ಗೋಡೆ, ಬತ್ತಿದ ಬಾವಿಗಳ ಬಗ್ಗೆ ಜನ ಕೇಳುತ್ತಾರೆ, ಕೇಳಲೂಬೇಕು. ವರದಿಯ ಒಂದು ಪುಟದಲ್ಲಿ ಆ ಪ್ರದೇಶದ ಪ್ರಾಣಿಪಕ್ಷಿಗಳ ಪಟ್ಟಿ, ಮತ್ತೊಂದು ಪುಟದಲ್ಲಿ ಡೆಸಿಬೆಲ್ ಕೋಷ್ಟಕ. ಎರಡನ್ನೂ ಒಟ್ಟಿಗೆ ಇಟ್ಟು ಓದಿದ ವರದಿಯನ್ನು ನಾನು ಕಂಡಿಲ್ಲ. ಕೋಷ್ಟಕದಲ್ಲಿರುವುದು ಸರಾಸರಿ ಬೇರೆ. ಮಧ್ಯಾಹ್ನದ ಒಂದು ಸ್ಫೋಟ ದಿನದ ಸರಾಸರಿಯಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಪಕ್ಕದಲ್ಲಿ ಸಿಮೆಂಟ್ ಕಾರ್ಖಾನೆಯಿದ್ದರೆ ಬಡವನ ತಲಾ ಆದಾಯವೂ ಏರಿದಂತೆ ಕಾಣುತ್ತದಲ್ಲ, ಹಾಗೆ. ಪ್ರಾದೇಶಿಕ ಅಸಮತೋಲನ ಕುರಿತು 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನಿಟ್ಟು ತಾಲ್ಲೂಕುಗಳನ್ನು ಅಳೆಯಿತು. ಈ ಭಾಗದ ಬಗ್ಗೆ ಅದಕ್ಕಿಂತ ಗಂಭೀರವಾದ ದಾಖಲೆ ವಿರಳ. ಅದರಲ್ಲೂ ಕಿವಿಗೆ ಜಾಗವಿರಲಿಲ್ಲ. ಉತ್ಪಾದನೆಯ ಬೆಲೆಯಲ್ಲಿ ಸೇರದೆ ಮೂರನೆಯವರ ಮೇಲೆ ಬೀಳುವ ವೆಚ್ಚವನ್ನು ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ವಿವರಿಸಿದ್ದಾನೆ. ಅಳೆಯದ ವೆಚ್ಚಕ್ಕೆ ಪುಸ್ತಕದಲ್ಲಿ ಸೊನ್ನೆಯೇ ಬೆಲೆ.

ಆ ಸೊನ್ನೆಯೊಳಗೆ ಮನುಷ್ಯನೂ ಇದ್ದಾನೆ. ಫರಸಿ ಎಬ್ಬಿಸುವ ಕುಶಲಿ ಸುತ್ತಿಗೆಯಿಂದ ಕಲ್ಲನ್ನು ಮೆಲ್ಲಗೆ ಬಡಿದು ನೋಡುತ್ತಾನೆ. ಠಣ್ ಎಂದರೆ ಕಲ್ಲು ಗಟ್ಟಿ, ದಡ್ ಎಂದರೆ ಒಳಗೆಲ್ಲೋ ಸೀಳು. ವರ್ಷಗಟ್ಟಲೆ ಪಳಗಿದ ಮಿದುಳಿನ ವಿದ್ಯೆ ಇದು. ಆ ವಿದ್ಯೆ ನಿಂತಿರುವುದು ಒಳಕಿವಿಯ ಹದಿನೈದು ಸಾವಿರದಷ್ಟು ರೋಮಕೋಶಗಳ ಮೇಲೆ. ಕಲ್ಲು ಕೊಯ್ಯುವ ಯಂತ್ರದ ಪಕ್ಕದಲ್ಲಿ ವರ್ಷಾನುಗಟ್ಟಲೆ ನಿಂತವನಲ್ಲಿ ಅವು ಒಂದೊಂದಾಗಿ ಸಾಯುತ್ತವೆ. ಸಾಮಾನ್ಯವಾಗಿ ಮೊದಲು ಕ್ಷೀಣಿಸುವುದು 4,000 ಹರ್ಟ್ಸ್ ಆಸುಪಾಸಿನ ಶ್ರವಣ. ಆಗ ಸ್ವರಗಳು ಕೇಳುತ್ತವೆ, ಸಕಾರ ಶಕಾರಗಳಂತಹ ವ್ಯಂಜನಗಳು ಮಸುಕಾಗುತ್ತವೆ. ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಮನೆಯವರು ಮುದುಕನಿಗೆ ಲಕ್ಷ್ಯವಿಲ್ಲವೆಂದು ಸಿಡುಕುತ್ತಾರೆ. ಹಕ್ಕಿಗಳ ಒಳಕಿವಿಯಲ್ಲಿ ನಾಶವಾದ ರೋಮಕೋಶಗಳು ಮತ್ತೆ ಹುಟ್ಟುತ್ತವೆಂದು 1988ರಲ್ಲಿ ವಿಜ್ಞಾನಿಗಳು ತೋರಿಸಿದರು. ನಮ್ಮಲ್ಲಿ ಹುಟ್ಟುವುದಿಲ್ಲ. ಸದ್ದಿನಿಂದ ಬರುವ ಕಿವುಡು ಅಧಿಸೂಚಿತ ವೃತ್ತಿರೋಗಗಳ ಪಟ್ಟಿ ಸೇರಿ ದಶಕಗಳಾದವು. ಹಾಜರಿ ಪುಸ್ತಕವೇ ಇಲ್ಲದ ಕಡೆ ಚದರಡಿ ಲೆಕ್ಕದಲ್ಲಿ ಕೂಲಿ ಪಡೆಯುವವನ ರೋಗವನ್ನು ಯಾರು ಯಾರಿಗೆ ಅಧಿಸೂಚಿಸಬೇಕು?

ಹಣವಿಲ್ಲವೆಂಬ ಉತ್ತರ ಇಲ್ಲಿ ಸಲ್ಲದು. ಗಣಿ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿವೆ. ಗಣಿಬಾಧಿತ ಊರುಗಳ ಆರೋಗ್ಯ, ಪರಿಸರ, ಕುಡಿಯುವ ನೀರಿನಂತಹ ಆದ್ಯತೆಗಳಿಗೆ ಅದರ ಹೆಚ್ಚಿನ ಪಾಲು ಹೋಗಬೇಕೆಂಬ ನಿಯಮವಿದೆ. ಆ ಹಣದಲ್ಲಿ ಶಹಾಬಾದಿನ ಸರ್ಕಾರಿ ಆಸ್ಪತ್ರೆಗೆ ಶ್ರವಣಪರೀಕ್ಷೆಯ ಸಲಕರಣೆ, ತರಬೇತಾದ ಒಬ್ಬ ಸಿಬ್ಬಂದಿ, ಖಣಿ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಇವಿಷ್ಟನ್ನು ಒದಗಿಸಬಹುದು. ಅದರೊಂದಿಗೆ ಭಂಕೂರಿನಿಂದ ಚಿಂಚೋಳಿಯ ಕಾಡಿನವರೆಗೆ ಕೆಲವು ಆಯ್ದ ಜಾಗಗಳಲ್ಲಿ, ಮುಖ್ಯವಾಗಿ ನೀರು ನಿಂತ ಹಳೆಯ ಖಣಿಗಳ ದಂಡೆಯಲ್ಲಿ, ‘ಎ’ ತೂಕವಿಲ್ಲದ ಧ್ವನಿಮುದ್ರಣವನ್ನು ಮಳೆಗಾಲ, ಬೇಸಿಗೆ ಎರಡರಲ್ಲೂ ನಡೆಸಬಹುದು. ಬಾವಲಿಯ ಕೂಗನ್ನು ಹಿಡಿಯುವ ಯಂತ್ರಗಳು ಇಂದು ಅಂಗೈಯಗಲಕ್ಕೆ ಇಳಿದಿವೆ. ಹತ್ತಿರದ ಕಾಲೇಜುಗಳ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೆ ಈ ಕೆಲಸ ವಹಿಸಿದರೆ ಸಾಕು. ಮುಂದಿನ ಅಹವಾಲು ಸಭೆಯಲ್ಲಿ ಪ್ರಾಣಿಗಳ ಪಟ್ಟಿಯ ಎದುರಿನ ಪುಟದಲ್ಲಿ ಆ ದಾಖಲೆಯನ್ನು ಲಗತ್ತಿಸಬೇಕೆಂದು ಅಧ್ಯಕ್ಷತೆ ವಹಿಸುವ ಅಧಿಕಾರಿ ಮೊದಲೇ ಒಂದು ಪತ್ರ ಬರೆದು ಕೇಳಬಹುದು. ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.