ಸಂಕಲ್ಪಕ್ಕೆ ನಾಲ್ಕು ಜನ ಬೇಕು

ಹೊಸ ವರ್ಷದ ಮೊದಲ ದಿನ ಮಾಡಿದ ಸಂಕಲ್ಪ ಶಿವರಾತ್ರಿಯ ಹೊತ್ತಿಗೆ ಕೈಬಿಟ್ಟುಹೋದರೆ ನಾವು ಮೊದಲು ದೂರುವುದು ನಮ್ಮ ಮನೋಬಲವನ್ನು. ಈ ದೂರು ಅನ್ಯಾಯದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರು ಇಂಥ ಸಂಕಲ್ಪ ಮಾಡಿದ 200 ಜನರ ಜಾಡು ಹಿಡಿದು ಎರಡು ವರ್ಷ ನೋಡಿದರು. 1988ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೊದಲ ವಾರ ದಾಟಿದವರು ಶೇ 77. ಎರಡು ವರ್ಷದ ಕೊನೆಗೂ ಬಿಡದೆ ಉಳಿದವರು ಶೇ 19. ಐವರಲ್ಲಿ ನಾಲ್ವರು ಸೋಲುವ ಕೆಲಸದಲ್ಲಿ ತಪ್ಪೆಲ್ಲ ಆ ನಾಲ್ವರ ಸ್ವಭಾವದ್ದೇ ಆಗಿರಲಾರದು, ಕೆಲಸ ಹೂಡಿದ ರೀತಿಯಲ್ಲೂ ಏನೋ ಕೊರತೆ ಇರಬೇಕು. ಸಂಕಲ್ಪವನ್ನು ನಾವು ಒಬ್ಬರೇ ಮಾಡುತ್ತೇವೆ, ಒಬ್ಬರೇ ಮುರಿಯುತ್ತೇವೆ. ಮುರಿದದ್ದು ಇನ್ನೊಬ್ಬರಿಗೆ ಗೊತ್ತೇ ಆಗುವುದಿಲ್ಲ. ವರ್ಷವಿಡೀ ನಿಲ್ಲಬೇಕಾದ ಮಾತಿಗೆ, ಗೊತ್ತುಮಾಡಿದ ದಿನ ಕೂತು 'ಏನಾಯಿತು?' ಎಂದು ಕೇಳುವ ಸಣ್ಣ ಗುಂಪೊಂದು ಬೇಕು ಎಂಬುದು ನನ್ನ ವಾದ.

ಇದಕ್ಕೆ ಪುರಾವೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1980ರ ದಶಕದ ಮಧ್ಯದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಸದಸ್ಯರು ತಮಗೆ ನಂಬಿಕೆಯಿದ್ದವರನ್ನೇ ಸೇರಿಸಿಕೊಂಡು ಸಣ್ಣ ಗುಂಪುಗಳಾದರು. ಇಂದಿನ ಸ್ವಸಹಾಯ ಸಂಘಗಳ ಬೇರುಗಳಲ್ಲಿ ಅದೂ ಒಂದು; 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಸಂಘದ ವಾರದ ಸಭೆ ನಡೆಯುವ ಬಗೆ ನೋಡಿ. ಚಾಪೆ ಹಾಸಿ ಹತ್ತರಿಂದ ಇಪ್ಪತ್ತು ಹೆಂಗಸರು ದುಂಡಗೆ ಕೂರುತ್ತಾರೆ, ಹಾಜರಿ ಆಗುತ್ತದೆ, ಉಳಿತಾಯದ ದುಡ್ಡನ್ನು ಎಲ್ಲರ ಕಣ್ಣೆದುರೇ ಎಣಿಸಿ ನಡಾವಳಿ ಪುಸ್ತಕದಲ್ಲಿ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುತ್ತಾರೆ. ಕಟ್ಟದವರನ್ನು ಯಾಕೆಂದು ಅಲ್ಲೇ ಕೇಳುತ್ತಾರೆ. ಮಗುವಿಗೆ ಜ್ವರ ಬಂದಿತ್ತು ಅಂದರೆ ಮುಂದಿನ ವಾರಕ್ಕೇನು ದಾರಿ ಎಂದು ಗುಂಪೇ ಯೋಚಿಸುತ್ತದೆ. ಕೂಲಿಯ ಮನೆಯಲ್ಲಿ ವಾರವಾರವೂ ಉಳಿಸುವುದು ಯಾವ ಹೊಸ ವರ್ಷದ ಸಂಕಲ್ಪಕ್ಕಿಂತಲೂ ಸುಲಭವಲ್ಲ. ಅದು ವರ್ಷಗಟ್ಟಲೆ ನಡೆದದ್ದು ಆ ಹೆಂಗಸರ ಛಲದಿಂದ, ನಿಜ. ಆದರೆ ಛಲ ಕುಂದಿದ ವಾರದಲ್ಲೂ ಸಭೆ ಇರುತ್ತಿತ್ತು.

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ತಳ್ಳಿಹಾಕುವಂಥವಲ್ಲ. ಹೇಳಿಕೊಂಡರೆ ಹುರುಪು ಇಳಿಯುತ್ತದೆ ಎಂಬುದು ಮೊದಲನೆಯದು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮ ಗುರಿಯನ್ನು ಇನ್ನೊಬ್ಬರು ಗಮನಿಸಿದ್ದಾರೆಂದು ತಿಳಿದ ವಿದ್ಯಾರ್ಥಿಗಳು ಆ ಗುರಿಗಾಗಿ ದುಡಿದದ್ದು ಕಡಿಮೆ. ಹೇಳಿದ್ದರಲ್ಲೇ ಅರ್ಧ ಸಾಧಿಸಿದ ತೃಪ್ತಿ ಸಿಕ್ಕಿಬಿಟ್ಟಿತ್ತು. ಸ್ಟೇಟಸ್‌ನಲ್ಲಿ ಸಂಕಲ್ಪ ಹಾಕಿ ನೂರು ಲೈಕ್ ಪಡೆಯುವವರಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಆದರೆ ಅಲ್ಲಿ ಕೇಳಿಸಿಕೊಂಡವರು ಮುಂದಿನ ತಿಂಗಳು ತಿರುಗಿ ಬಂದು ವಿಚಾರಿಸಲಿಲ್ಲ. ನಾನು ಹೇಳುವ ಗುಂಪಿನ ಕೆಲಸ ಶುರುವಾಗುವುದೇ ಆ ಮುಂದಿನ ತಿಂಗಳಲ್ಲಿ. ಎರಡನೆಯ ಆಕ್ಷೇಪ, ನಾಲ್ಕು ಜನ ಏನನ್ನುತ್ತಾರೋ ಎಂಬ ಅಂಜಿಕೆ. ಸ್ವಸಹಾಯ ಸಂಘಗಳಲ್ಲೇ ಸಾಲದ ಕಂತು ಕಟ್ಟಲಾಗದವರು ಗುಂಪಿನ ಒತ್ತಡಕ್ಕೆ ನಲುಗಿದ್ದೂ ಉಂಟು, ಅದನ್ನು ಮುಚ್ಚಿಡಬಾರದು. ಅದಕ್ಕೇ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಅವರದೇ ಸಂಕಲ್ಪವಿರಬೇಕು, ಕೇಳುವವರನ್ನೂ ಅದೇ ದಿನ ಕೇಳುವಂತಿರಬೇಕು. ತಾನೂ ತಪ್ಪಿದವರು ಇನ್ನೊಬ್ಬರ ತಪ್ಪನ್ನು ಮೆತ್ತಗೆ ಎತ್ತಿಕೊಳ್ಳುತ್ತಾರೆ.

ಹಾಗಾದರೆ ನೆರವು ಹೆಚ್ಚಿದಷ್ಟೂ ಒಳ್ಳೆಯದೇ? ಸ್ವೀಡನ್‌ನಲ್ಲಿ 1,066 ಜನರ ಸಂಕಲ್ಪಗಳನ್ನು ಒಂದು ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುತ್ತದೆ. ನೆರವೇ ಇಲ್ಲದವರಿಗಿಂತ ಸ್ವಲ್ಪ ನೆರವು ಪಡೆದವರು ಮುಂದಿದ್ದರು. ಬಹಳ ನೆರವು ಪಡೆದವರಿಗಿಂತಲೂ ಅವರೇ ಮುಂದಿದ್ದರು. ವ್ಯತ್ಯಾಸ ದೊಡ್ಡದಲ್ಲ, ಫಲಿತಾಂಶವೂ ಅವರವರೇ ಹೇಳಿಕೊಂಡದ್ದು. ಆದರೂ ದಿನಕ್ಕೆ ಹತ್ತು ಸಂದೇಶ ಕಳಿಸುವ ವಾಟ್ಸ್ಆ್ಯಪ್ ಗುಂಪಿಗಿಂತ ತಿಂಗಳಿಗೊಮ್ಮೆ ಅರ್ಧ ಗಂಟೆ ಕೂರುವುದೇ ಮೇಲು ಎನ್ನಲು ನನಗೆ ಇದು ಸಾಕು. ಅದೇ ಅಧ್ಯಯನದಲ್ಲಿ ಏನನ್ನೋ ಮಾಡುತ್ತೇನೆಂದು ಹೊರಟವರಲ್ಲಿ ಶೇ 58.9 ಮಂದಿ ಗೆದ್ದರೆ, ಏನನ್ನೋ ಬಿಡುತ್ತೇನೆಂದವರಲ್ಲಿ ಗೆದ್ದವರು ಶೇ 47.1. ಹಾಗಾಗಿ ಗುಂಪಿನ ಮೊದಲ ಸಭೆಯ ಕೆಲಸ, ಒಬ್ಬೊಬ್ಬರ ಮಾತನ್ನೂ ತಿದ್ದಿ ಬರೆಸುವುದು. 'ರಾತ್ರಿ ಮೊಬೈಲ್ ನೋಡುವುದಿಲ್ಲ' ಎಂದವರಿಂದ 'ಊಟವಾದ ಮೇಲೆ ಹತ್ತು ಪುಟ ಓದುತ್ತೇನೆ' ಎಂದು ಬರೆಸಿದರೆ, ಮುಂದಿನ ತಿಂಗಳು ಯಾವ ಪುಸ್ತಕ, ಎಲ್ಲಿಗೆ ಬಂತು ಎಂದು ಕೇಳಬಹುದು.